ಪದ ಪರಿಚಯ: ಸೆಲ್ಫ್

ಸೆಲ್ಫ್ (ನಾಮಪದ): ನಿಂತ ಎಂಜಿನ್ನಿಗೆ ಮೊದಲ ತಿರುವು ಕೊಡುವ ವಿದ್ಯುತ್ ಮೋಟಾರು.

ವಿಶ್ವೇಶ್ವರಯ್ಯ ನಾಲೆಯಿಂದ ಹೆಸರು ಪಡೆದ ಮಂಡ್ಯದ ವಿ.ಸಿ. ಫಾರಂ ಸುತ್ತಲಿನ ಕಬ್ಬಿನ ಸೀಮೆಯಲ್ಲಿ, ಲಾರಿ ಹೊರಡದೆ ನಿಂತಾಗ ‘ಸೆಲ್ಫ್ ತಗೋತಿಲ್ಲ’ ಎಂಬ ಮಾತು ಸಹಜವಾಗಿ ಕೇಳಿಬರುತ್ತದೆ. ಇಂಗ್ಲಿಷಿನಲ್ಲಿ ‘ತಾನು’, ‘ಸ್ವತಃ’ ಎಂಬರ್ಥದ ಈ ಪದಕ್ಕೆ ಜರ್ಮನ್ನಿನ ‘ಜೆಲ್ಬ್‌ಸ್ಟ್’ ಮತ್ತು ಡಚ್ಚಿನ ‘ಜೆಲ್ಫ್’ ಸೋದರ ರೂಪಗಳಾಗಿದ್ದು, ಸಂಸ್ಕೃತದ ‘ಸ್ವ’ ಶಬ್ದದೊಡನೆಯೂ ದೂರದ ನಂಟನ್ನು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ.

ಹಿಂದೆ ವಾಹನದ ಮುಂಭಾಗಕ್ಕೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತೋಳ್ಬಲದಿಂದ ಎಂಜಿನ್ ತಿರುಗಿಸಬೇಕಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸಾಧನ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಶ್ರಮ ತಪ್ಪಿ, ‘ಸೆಲ್ಫ್ ಸ್ಟಾರ್ಟರ್’ ಎಂಬ ಹೆಸರು ಹರಡಿತು. ಕನ್ನಡದ ಆಡುಮಾತು, ಹಿಂದಿಯಂತೆಯೇ, ಎರಡನೆಯ ಪದವನ್ನು ಕೈಬಿಟ್ಟು ವಿಶೇಷಣವನ್ನೇ ನಾಮಪದವಾಗಿಸಿ ‘ಸೆಲ್ಫ್ ಹೊಡಿ’, ‘ಸೆಲ್ಫ್ ಮೋಟಾರು’ ಎಂಬ ಬಳಕೆಗಳನ್ನು ಕಟ್ಟಿಕೊಂಡಿತು.

ಎಂಜಿನ್ ಹತ್ತದ ಪ್ರತಿ ದೋಷಕ್ಕೂ ಈ ಪದವನ್ನೇ ಅಂಟಿಸುವುದು ಮಾತ್ರ ಸರಿಯಲ್ಲ. ಕೀಲಿ ತಿರುಗಿಸಿದಾಗ ‘ಕಟಕಟ’ ಸದ್ದಷ್ಟೇ ಬಂದರೆ ಬ್ಯಾಟರಿಯ ಶಕ್ತಿ ಕುಂದಿರಬಹುದು, ಅದರ ತುದಿಗಳಿಗೆ ಕಿಲುಬು ಹತ್ತಿರಬಹುದು, ಇಲ್ಲವೇ ವಿದ್ಯುತ್ತು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯಾದ ‘ಅರ್ತ್’ ತಂತಿ ಸಡಿಲವಾಗಿರಬಹುದು. ಮೋಟಾರು ಬದಲಿಸಿದರೂ ಇಂಥ ತೊಂದರೆ ಮರುಕಳಿಸುತ್ತದೆ. ಹೆಸರಿನಲ್ಲಿ ‘ತಾನೇ’ ಎಂಬ ಅರ್ಥವಿದ್ದರೂ ಸೆಲ್ಫ್ ಬ್ಯಾಟರಿಯ ಆಸರೆಯಿಲ್ಲದೆ ತಿರುಗದು. ಆದ್ದರಿಂದ ಮೊದಲು ಬ್ಯಾಟರಿ, ಬಳಿಕ ತಂತಿ, ಕೊನೆಗೆ ಸೆಲ್ಫ್ ಪರೀಕ್ಷಿಸುವುದೇ ಸರಿಯಾದ ಕ್ರಮ.