ಸಾರೋಟಿನಲ್ಲಿ ಹುಟ್ಟಿದ ಕನ್ನಡಕ

ನಲವತ್ತರ ಆಚೀಚೆ ಬರುವ ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದೇ ಹೆಸರಿಟ್ಟರು. ಉತ್ತರದ ಭಾಷೆಗಳ ನಲವತ್ತು ಕನ್ನಡದ ಮೂಗಿನ ಮೇಲೆ ಬಂದು ಕುಳಿತದ್ದು ಹೀಗೆ. ಆದರೆ ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಸಾಕೆಂಬ ಯೋಚನೆಯ ಹಿಂದೆ ಇದ್ದದ್ದು ಪ್ರಯಾಣದ ಕಿರಿಕಿರಿ.

ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದವನೆಂದು ನಾವು ಮಕ್ಕಳಿಗೆ ಹೇಳುವ ಬೆಂಜಮಿನ್ ಫ್ರಾಂಕ್ಲಿನ್, ಅಮೆರಿಕದ ಪ್ರತಿನಿಧಿಯಾಗಿ ಫ್ರಾನ್ಸಿನಲ್ಲಿ ಬಹುಕಾಲ ಇದ್ದ. 1785ರ ಮೇ ತಿಂಗಳಲ್ಲಿ, ತನ್ನ 79ನೆಯ ವಯಸ್ಸಿನಲ್ಲಿ, ಲಂಡನ್ನಿನ ಗೆಳೆಯ ಜಾರ್ಜ್ ವಾಟ್ಲಿಗೆ ಈ ಸಂಗತಿ ಬರೆದ. ಪ್ರಯಾಣದಲ್ಲಿ ಓದಲು ಒಂದು, ಹೊರಗಿನ ನೋಟಕ್ಕೆ ಇನ್ನೊಂದು ಎಂದು ಕನ್ನಡಕ ಬದಲಿಸಿ ಬೇಸತ್ತು, ಗಾಜುಗಳನ್ನು ಕತ್ತರಿಸಲು ಹೇಳಿ, ಎರಡರ ಅರ್ಧರ್ಧವನ್ನು ಒಂದೇ ಕಟ್ಟಿನಲ್ಲಿ ಕೂಡಿಸಿಕೊಂಡಿದ್ದ. ಊಟದ ಮೇಜಿನಲ್ಲಿ ತಟ್ಟೆಯೂ ಕಂಡಿತು, ಎದುರಿನವರ ಮುಖವೂ ಕಂಡಿತು. ಮುಖ ಕಂಡರೆ ಅವರ ಫ್ರೆಂಚ್ ಮಾತೂ ಸುಲಭವಾಗಿ ತಿಳಿಯುತ್ತದೆಂಬುದು ಅವನ ಅನುಭವ.

ಆದರೆ ಫ್ರಾಂಕ್ಲಿನ್ ಕುಳಿತದ್ದು ಸಾರೋಟಿನ ಒಳಗೆ. ಲಗಾಮು ಹಿಡಿದವನು ಬೇರೆ. ಕಾರು ನಡೆಸುವವರಿಗೆ ಓದಿನ ದೂರ, ರಸ್ತೆಯ ದೂರ ಸಾಲದು. ತೋಳಿನಳತೆಯಲ್ಲಿರುವ ಸ್ಪೀಡೋಮೀಟರೂ ಕಾಣಬೇಕು. ಈ ನಡುವಿನ ದೂರಕ್ಕಾಗಿ ಜಾನ್ ಐಸಾಕ್ ಹಾಕಿನ್ಸ್ ಎಂಬ ಇಂಗ್ಲಿಷಿನವ 1820ರ ದಶಕದಲ್ಲೇ ಮೂರು ಭಾಗದ ಗಾಜು ಮಾಡಿದ್ದ. 1959ರಲ್ಲಿ ಫ್ರಾನ್ಸಿನ ಎಂಜಿನಿಯರ್ ಬರ್ನಾರ್ಡ್ ಮೆಟನಾಜ್ ರೂಪಿಸಿದ ‘ವೇರಿಲಕ್ಸ್’ ಮಾರುಕಟ್ಟೆಗೆ ಬಂದಾಗ ಗಾಜಿನ ಮೇಲಿನ ಗೆರೆಯೇ ಮಾಯವಾಯಿತು. ಮೇಲೆ ದೂರ, ಕೆಳಗೆ ಓದು, ನಡುವೆ ಕಿರಿದಾದ ಓಣಿಯಂತೆ ಉಳಿದ ದೂರಗಳು. ಇದಕ್ಕೆ ತೆರುವ ಸುಂಕ ಗಾಜಿನ ಅಂಚಿನಲ್ಲಿದೆ. ಕಣ್ಣನ್ನಷ್ಟೇ ಪಕ್ಕಕ್ಕೆ ಹೊರಳಿಸಿದರೆ ನೋಟ ಮಸುಕಾಗುತ್ತದೆ, ವಸ್ತುಗಳು ಬಾಗಿದಂತೆ ಕಾಣುತ್ತವೆ. ಆದ್ದರಿಂದ ಪಕ್ಕದ ಕನ್ನಡಿ ನೋಡಲು ಕುತ್ತಿಗೆಯನ್ನೇ ತಿರುಗಿಸಬೇಕು.

ಇದು ಸಣ್ಣ ಮಾತಲ್ಲ. ನನ್ನ ಶಾಲೆಯಿರುವ ಹಳ್ಳಿಗೆ ದಿನಕ್ಕೆ ಎರಡೇ ಬಸ್ಸು. ಅದೇ ಬಗೆಯ ಕನ್ನಡಕ ಹಾಕಿದ ಗಂಡಸಿಗೆ ಯಾರೂ ಏನೂ ಹೇಳುವುದಿಲ್ಲ. ಐವತ್ತು ದಾಟಿದ ಹೆಂಗಸಿಗೆ ಮಾತ್ರ “ಇನ್ನು ಕಾರು ಸಾಕು ಮಾಡು” ಎಂಬ ಬುದ್ಧಿವಾದ ಮನೆಯಲ್ಲೇ ಸಿಗುತ್ತದೆ. ನಾನು ವಾದಕ್ಕೆ ಹೋಗಲಿಲ್ಲ. ಹೊಸ ಕನ್ನಡಕ ಹಾಕಿ ಎರಡು ವಾರ ಮನೆ, ಮೆಟ್ಟಿಲು, ಬೀದಿಗಳಲ್ಲಿ ನಡೆದಾಡಿದೆ. ಆಮೇಲೆ ಕೆಲವು ಸಂಜೆ ಶಾಲೆಯ ಖಾಲಿ ಮೈದಾನದಲ್ಲಿ ಕಾರು ಸುತ್ತಿಸಿದೆ. ಕುತ್ತಿಗೆ ತಾನಾಗಿ ತಿರುಗತೊಡಗಿದ ಮೇಲಷ್ಟೇ ರಸ್ತೆಗೆ ಇಳಿದೆ.

ಎದುರಿನ ದೀಪಗಳು ಕಣ್ಣು ಕುಕ್ಕುವ ರಾತ್ರಿ ಪ್ರಯಾಣವನ್ನು ನಾನೇ ಬಿಟ್ಟಿದ್ದೇನೆ. ಹಗಲಿನ ಲಗಾಮು ಇನ್ನೂ ನನ್ನ ಕೈಯಲ್ಲೇ ಇದೆ.