ಕೂಲಿ ಸಹಿ ಸಂಗ್ರಹ: ಅಮೆರಿಕದ ಚುನಾವಣಾ ಅರ್ಜಿಗಳು ಮತ್ತು ಗುತ್ತಿಗೆ ವಿವಾದಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಮಸೂದೆಯೊಂದನ್ನು ನೇರವಾಗಿ ಜನರ ಮತಕ್ಕೆ ಹಾಕಿಸಲು, ಗೆದ್ದ ಅಧಿಕಾರಸ್ಥರನ್ನು ಅವಧಿಗೆ ಮುನ್ನ ಕೆಳಗಿಳಿಸಲು, ಕೆಲವೆಡೆ ಅಭ್ಯರ್ಥಿಯ ಹೆಸರು ಮತಪತ್ರದಲ್ಲಿ ಬರಲು ಕೂಡ ಇಂತಿಷ್ಟು ಮತದಾರರ ಸಹಿಗಳನ್ನು ಗೊತ್ತಾದ ದಿನದೊಳಗೆ ಒಪ್ಪಿಸಬೇಕು. ಕಾರ್ಯಕರ್ತರ ಬದಲು ಕೂಲಿಯಾಳುಗಳಿಂದ ಈ ಸಹಿಗಳನ್ನು ಕೂಡಿಸುವ ವ್ಯಾಪಾರಕ್ಕೆ ನೂರು ವರ್ಷ ದಾಟಿದೆ. ಭಾರತದಲ್ಲಿ ಅದಕ್ಕೆ ಅವಕಾಶವೇ ಹುಟ್ಟಲಿಲ್ಲ. ಇಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಪಕ್ಷೇತರರಿಗೆ ಹತ್ತು ಮಂದಿ ಸಾಕು. ಜನರೇ ಸಹಿ ಹಾಕಿ ಕಾನೂನನ್ನು ಮತಕ್ಕೆ ತರುವ ದಾರಿ ನಮ್ಮ ಸಂವಿಧಾನದಲ್ಲಿ ಇಲ್ಲ.

ಅಮೆರಿಕದಲ್ಲಿ ಜನರ ಸಹಿಯಿಂದ ಕಾನೂನನ್ನು ಮತಕ್ಕೆ ತರುವ ಈ ಪದ್ಧತಿಯನ್ನು 1898ರಲ್ಲಿ ದಕ್ಷಿಣ ಡಕೋಟ ಮೊದಲು ಒಪ್ಪಿಕೊಂಡಿತು. 1902ರಲ್ಲಿ ಒರೆಗಾನ್ ಅದನ್ನು ಅಳವಡಿಸಿಕೊಂಡು ಎಷ್ಟು ಚುರುಕಾಗಿ ಬಳಸಿತೆಂದರೆ ಪದ್ಧತಿಗೇ ಆ ರಾಜ್ಯದ ಹೆಸರು ಅಂಟಿತು. ಅಲ್ಲಿ ಅದರ ಬೆನ್ನಿಗೆ ನಿಂತವರು ವಿಲಿಯಂ ಯುರೆನ್. 1911ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಹೈರಂ ಜಾನ್ಸನ್, ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಹಿಡಿತದಿಂದ ಶಾಸಕಾಂಗವನ್ನು ಬಿಡಿಸಲೆಂದೇ ಅದನ್ನು ತಂದರು. ಹಣವಂತರನ್ನು ದೂರವಿಡಲು ಕಟ್ಟಿದ ಬಾಗಿಲಲ್ಲಿ ಹಣ ಬೇಗನೆ ಒಳಬಂತು. ಅದೇ ಹೊತ್ತಿಗೆ ಒರೆಗಾನ್‌ನಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಅನುದಾನವನ್ನು ತಡೆಯಲು ಕೂಲಿಯವರು ಕೂಡಿಸಿದ ಅರ್ಜಿಯಲ್ಲಿ ಕಳ್ಳ ಸಹಿಗಳಿವೆ ಎಂಬ ದೂರು ನ್ಯಾಯಾಲಯ ಹತ್ತಿತು. 1920ರ ದಶಕದಿಂದ ಸಾನ್ ಫ್ರಾನ್ಸಿಸ್ಕೋದ ಜೋಸೆಫ್ ರಾಬಿನ್ಸನ್ ಇದನ್ನೇ ಕಸುಬು ಮಾಡಿಕೊಂಡರು. ಮುಂದೆ ಕೆಲವು ದಶಕ ಕ್ಯಾಲಿಫೋರ್ನಿಯದ ಬಹುಪಾಲು ಅರ್ಜಿಗಳು ಅವರ ಸಂಸ್ಥೆಯ ಕೈಯಿಂದಲೇ ಹೊರಬಂದವು.

ಕೆಲವು ರಾಜ್ಯಗಳು ಕೂಲಿಯನ್ನೇ ನಿಷೇಧಿಸಿದವು: 1914ರಲ್ಲಿ ವಾಷಿಂಗ್ಟನ್, 1935ರಲ್ಲಿ ಒರೆಗಾನ್, 1941ರಲ್ಲಿ ಕೊಲರಾಡೊ. ಕೊಲರಾಡೊದಲ್ಲಿ ಸಹಿ ತರುವವನಿಗೆ ಹಣ ಕೊಡುವುದು ಘೋರ ಅಪರಾಧವೆನಿಸಿತ್ತು. 1980ರ ದಶಕದಲ್ಲಿ ಸರಕು ಸಾಗಣೆ ಉದ್ಯಮವನ್ನು ಸರ್ಕಾರಿ ನಿಯಂತ್ರಣದಿಂದ ಬಿಡಿಸಬೇಕೆಂದು ಹೊರಟ ಗುಂಪಿಗೆ ಆರು ತಿಂಗಳಲ್ಲಿ 46,737 ಸಹಿಗಳು ಬೇಕಾದವು. ಸ್ವಯಂಸೇವಕರಿಂದ ಅದು ಆಗದೆಂದು ಕಂಡು ಗುಂಪು ಈ ಕಾನೂನನ್ನೇ ಪ್ರಶ್ನಿಸಿತು. ಮೇಯರ್ ವಿರುದ್ಧ ಗ್ರಾಂಟ್ ಎಂಬ ಈ ಮೊಕದ್ದಮೆಯಲ್ಲಿ 1988ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ನಿಷೇಧವನ್ನು ರದ್ದುಪಡಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಬೀದಿಯಲ್ಲಿ ನಿಂತು ಅಪರಿಚಿತನಿಗೆ ಅರ್ಜಿಯ ವಿಷಯ ಹೇಳಿ ಸಹಿ ಕೇಳುವುದು ರಾಜಕೀಯ ಮಾತಿನ ತಿರುಳು, ಅದಕ್ಕೆ ಹಣ ಕೊಡದಂತೆ ತಡೆದರೆ ಮಾತನ್ನೇ ತಡೆದಂತೆ ಎಂಬುದು ಅದರ ಸಾರ. 1999ರಲ್ಲಿ ಮತ್ತೊಂದು ಕೊಲರಾಡೊ ಮೊಕದ್ದಮೆಯಲ್ಲಿ, ಸಂಗ್ರಾಹಕರು ಎದೆಯ ಮೇಲೆ ಹೆಸರಿನ ಬಿಲ್ಲೆ ಧರಿಸಬೇಕು, ನೋಂದಾಯಿತ ಮತದಾರರೇ ಆಗಿರಬೇಕು ಎಂಬ ನಿಯಮಗಳೂ ಬಿದ್ದವು.

ಈ ತೀರ್ಪುಗಳಿಂದ ಆದ ಬದಲಾವಣೆಯನ್ನು ಸ್ವಾತಂತ್ರ್ಯದ ಲೆಕ್ಕದಲ್ಲಷ್ಟೇ ನೋಡಿದರೆ ಅರ್ಧ ಕಂಡಂತೆ. ಕೂಲಿ ಕೊಡುವ ಹಕ್ಕು ಸಂವಿಧಾನದ ರಕ್ಷಣೆಗೆ ಬಂತು. ಆದರೆ ಸಹಿ ಸಾಚಾ ಆಗಿರುವಂತೆ ನೋಡಿಕೊಳ್ಳುವ ಹೊರೆ ಬಹುಮಟ್ಟಿಗೆ ಖಾಸಗಿ ಕರಾರಿನ ಮೇಲೆ ಬಿತ್ತು. ಆಮೇಲಿನ ಜಗಳಗಳ ಬೇರು ಇಲ್ಲಿದೆ.

ಕರಾರಿನ ಸರಪಣಿ ಹೀಗಿರುತ್ತದೆ. ಪ್ರಚಾರ ಸಮಿತಿ ಒಂದು ಸಂಸ್ಥೆಗೆ ಗುತ್ತಿಗೆ ಕೊಡುತ್ತದೆ. ಅದು ಊರೂರಿನ ಉಪಗುತ್ತಿಗೆದಾರರಿಗೆ ಹಂಚುತ್ತದೆ. ಅವರು ನಮ್ಮ ಕಟ್ಟಡ ಕೆಲಸದ ಮೇಸ್ತ್ರಿಗಳಂತೆ ಆಳುಗಳನ್ನು ಕೂಡಿಸುತ್ತಾರೆ. ಆಳುಗಳಲ್ಲಿ ಅನೇಕರು ಒಂದು ರಾಜ್ಯದ ಗಡುವು ಮುಗಿದೊಡನೆ ಇನ್ನೊಂದಕ್ಕೆ ಹೊರಡುವ ಅಲೆಮಾರಿಗಳು. ಒಬ್ಬನ ಕೈಯಲ್ಲಿ ಏಕಕಾಲಕ್ಕೆ ನಾಲ್ಕೈದು ಅರ್ಜಿಗಳಿದ್ದು, ಹೆಚ್ಚು ದರ ಸಿಗುವ ಅರ್ಜಿಯನ್ನೇ ದಾರಿಹೋಕರ ಮುಂದೆ ಮೊದಲು ಹಿಡಿಯುತ್ತಾನೆ. ಗಡುವು ಹತ್ತಿರವಾದಂತೆ ದರ ಏರುತ್ತದೆ. ಅದು ಗೊತ್ತಿದ್ದವರು ತುಂಬಿದ ಹಾಳೆಗಳನ್ನು ಮನೆಯಲ್ಲಿಟ್ಟುಕೊಂಡು ಬೆಲೆಗಾಗಿ ಕಾಯುವುದೂ ಉಂಟು. ಕ್ಯಾಲಿಫೋರ್ನಿಯದಲ್ಲಿ ಈಚೆಗೆ ಒಂದು ಸಹಿಯ ವೆಚ್ಚ ಹತ್ತು ಡಾಲರನ್ನೂ ಮೀರಿದ್ದಿದೆ.

ಎಷ್ಟು ಸಹಿಗಳು ಬಂದವು ಎನ್ನುವುದಕ್ಕಿಂತ ಎಷ್ಟು ಉಳಿದವು ಎನ್ನುವುದೇ ತಕರಾರಿನ ವಿಷಯ. ಮತದಾರರ ಪಟ್ಟಿಯಲ್ಲಿ ಇಲ್ಲದವರು, ಮನೆ ಬದಲಿಸಿದವರು, ಎರಡೆರಡು ಸಲ ಸಹಿ ಹಾಕಿದವರು ಎಲ್ಲ ಕಳೆದುಹೋಗುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಕೌಂಟಿ ಅಧಿಕಾರಿಗಳು ಮೊದಲು ಶೇ. 3 ಅಥವಾ 500 ಸಹಿಗಳನ್ನು, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು, ಮಾದರಿಯಾಗಿ ಪರಿಶೀಲಿಸುತ್ತಾರೆ. ಆ ಲೆಕ್ಕ ಅಗತ್ಯದ ಶೇ. 110 ದಾಟಿದರೆ ಅರ್ಜಿ ಪಾಸು, ಶೇ. 95ಕ್ಕಿಂತ ಕಡಿಮೆಯಾದರೆ ನಪಾಸು, ನಡುವೆ ಸಿಕ್ಕಿಕೊಂಡರೆ ಪ್ರತಿಯೊಂದು ಸಹಿಯ ಎಣಿಕೆ. ಹೀಗಾಗಿ ಕರಾರಿನಲ್ಲಿ ನೂರಕ್ಕೆ ಇಷ್ಟು ಸಿಂಧುವಾಗಿರಬೇಕು, ಕಡಿಮೆಯಾದರೆ ಬಾಕಿ ಹಿಡಿಯಲಾಗುವುದು ಎಂಬ ಷರತ್ತು ಸೇರುತ್ತದೆ. ತಪಾಸಣೆ ಮಾಡಬೇಕಾದವರು ಯಾರು, ಯಾವಾಗ, ಯಾರ ಖರ್ಚಿನಲ್ಲಿ ಎಂದು ಬರೆಯದ ಕರಾರುಗಳು ವಕೀಲರಿಗೆ ಹಬ್ಬ. ಸಮಿತಿ ಹಣ ತಡೆಹಿಡಿಯುತ್ತದೆ, ಸಂಸ್ಥೆ ಉಪಗುತ್ತಿಗೆದಾರರಿಗೆ ಕೊಡುವುದಿಲ್ಲ, ಕೊನೆಯಲ್ಲಿ ಬಿಸಿಲಲ್ಲಿ ನಿಂತವನ ಕೂಲಿ ಬಾಕಿ ಉಳಿಯುತ್ತದೆ.

ಇನ್ನು ಸಮಿತಿಯ ಕಡೆಯ ನಷ್ಟ. ಗಡುವು ಮುಗಿದ ಮೇಲೆ ಗುತ್ತಿಗೆದಾರನಿಂದ ಹಣ ವಸೂಲಾಗಬಹುದು. ಮತಪತ್ರದ ಜಾಗ ವಸೂಲಾಗುವುದಿಲ್ಲ. 2004ರಲ್ಲಿ ಪೆನ್ಸಿಲ್ವೇನಿಯದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಹೊರಟ ರಾಲ್ಫ್ ನೇಡರ್ ಪರವಾಗಿ 51,000ಕ್ಕೂ ಹೆಚ್ಚು ಸಹಿಗಳು ಸಲ್ಲಿಕೆಯಾದವು. ಬೇಕಿದ್ದದ್ದು 25,697, ನ್ಯಾಯಾಲಯದ ಎಣಿಕೆಯಲ್ಲಿ ಉಳಿದದ್ದು 18,818. ಮಿಕ್ಕಿ ಮೌಸ್ ಹೆಸರಿನಲ್ಲೂ ಸಹಿ ಬಿದ್ದಿತ್ತು. ಮತಪತ್ರ ಕೈತಪ್ಪಿತಲ್ಲದೆ ಎದುರು ಪಕ್ಷದ 81,000 ಡಾಲರ್ ವೆಚ್ಚವನ್ನೂ ನೇಡರ್ ಕಡೆಯವರ ಮೇಲೆ ಹೊರಿಸಲಾಯಿತು. 2011ರ ಡಿಸೆಂಬರಿನಲ್ಲಿ ವರ್ಜೀನಿಯದಲ್ಲಿ ಅಧ್ಯಕ್ಷ ಸ್ಥಾನದ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಗೆ 10,000 ಸಹಿ ತರಬೇಕಿದ್ದ ನ್ಯೂಟ್ ಗಿಂಗ್ರಿಚ್ 11,000ಕ್ಕೂ ತುಸು ಹೆಚ್ಚು ತಂದು ಸೋತರು; ತಾವು ಹಣ ಕೊಟ್ಟು ನೇಮಿಸಿದ ಒಬ್ಬನೇ ಸುಮಾರು 1,500 ಸುಳ್ಳು ಸಹಿ ಬರೆದನೆಂದು ದೂರಿದರು. ಅಷ್ಟು ಬಿಗಿಯಾದ ಅಂತರ ಇಟ್ಟುಕೊಂಡದ್ದು ಆ ಒಬ್ಬನ ತಪ್ಪೇನಲ್ಲ.

ಇವೆಲ್ಲಕ್ಕಿಂತ ದೊಡ್ಡದು 2022ರ ಮಿಚಿಗನ್ ಪ್ರಕರಣ. ಗವರ್ನರ್ ಸ್ಥಾನದ ಅಭ್ಯರ್ಥಿಗೆ 15,000 ಸಿಂಧು ಸಹಿಗಳು ಬೇಕಿದ್ದವು. ಡೆಟ್ರಾಯ್ಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ 21,305 ಒಪ್ಪಿಸಿದರು. 10,192 ಮಾತ್ರ ನಿಂತವು. ಉದ್ಯಮಿ ಪೆರಿ ಜಾನ್ಸನ್ ಅವರ 23,193ರಲ್ಲಿ ಉಳಿದದ್ದು 13,800. ರಾಜ್ಯ ಚುನಾವಣಾ ಇಲಾಖೆಯ ವರದಿಯ ಪ್ರಕಾರ 36 ಮಂದಿ ಸಂಗ್ರಾಹಕರು ಹತ್ತು ಅರ್ಜಿಗಳಲ್ಲಿ ಕನಿಷ್ಠ 68,000 ಅಸಿಂಧು ಸಹಿಗಳನ್ನು ತುರುಕಿದ್ದರು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಕೈಬರಹ ಬೇರೆಬೇರೆ ಕಾಣುವಂತೆ ಮತದಾರರ ಪಟ್ಟಿಯ ಹೆಸರುಗಳನ್ನು ಬರೆದುಕೊಂಡು ಹೋಗುವ ತಂತ್ರದ ಗುರುತುಗಳೂ ಹಾಳೆಗಳಲ್ಲಿ ಇದ್ದವು. ಐವರು ರಿಪಬ್ಲಿಕನ್ ಅಭ್ಯರ್ಥಿಗಳು ಕಣದಿಂದ ಹೊರಬಿದ್ದರು. ರಾಜ್ಯದ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಲಿಲ್ಲ. ಕ್ರೇಗ್ ಪರ ಕೆಲಸ ಹಿಡಿದಿದ್ದ ಸಂಸ್ಥೆ, ಮೋಸವಾದದ್ದು ತಾನು ಉಪಗುತ್ತಿಗೆ ಕೊಟ್ಟ ಕಡೆಯಲ್ಲಿ, ತಾನೂ ಮೋಸಹೋದದ್ದೇ ಎಂದಿತು. ಸರಪಣಿಯ ಪ್ರತಿ ಕೊಂಡಿಯೂ ಮುಂದಿನ ಕೊಂಡಿಯತ್ತ ಬೆರಳು ತೋರಿಸುವುದು ಈ ವಿವಾದಗಳ ಮಾಮೂಲಿ ಲಕ್ಷಣ. 2023ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮೂವರ ಮೇಲೆ ಕ್ರಿಮಿನಲ್ ಆರೋಪ ಹೊರಿಸಿದರು.

ತದ್ವಿರುದ್ಧವಾದ ಇನ್ನೊಂದು ಬಗೆಯಿದೆ: ಸಹಿ ತರಲು ಅಲ್ಲ, ತರದಿರಲು ಹಣ. 2019ರಲ್ಲಿ ಓಹಾಯೊದ ಅಣುವಿದ್ಯುತ್ ಸ್ಥಾವರಗಳಿಗೆ ನೆರವು ನೀಡುವ ಕಾನೂನನ್ನು ಜನಮತಕ್ಕೆ ಒಯ್ಯಲು 2,65,774 ಸಹಿಗಳು ಬೇಕಿದ್ದವು. ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿಯ ಹಣದಿಂದ ನಡೆದ ಎದುರು ಪಾಳಯ, ಸಹಿ ಸಂಗ್ರಹ ಸಂಸ್ಥೆಗಳು ವಿರೋಧಿಗಳಿಗೆ ಸಿಗದಂತೆ ತಾನೇ ಗುತ್ತಿಗೆಗೆ ಹಿಡಿಯಿತು. ಬೀದಿಯಲ್ಲಿದ್ದ ಸಂಗ್ರಾಹಕರಿಗೆ ಕೆಲಸ ಬಿಟ್ಟು ಹೋಗಲು ಹಣದ ಆಮಿಷ ಒಡ್ಡಿತು. ಅರ್ಜಿ ಬಿತ್ತು. ಆದರೆ ಈ ಇಡೀ ವ್ಯವಹಾರ ಸುಮಾರು 6 ಕೋಟಿ ಡಾಲರಿನ ಲಂಚ ಪ್ರಕರಣದ ಭಾಗವೆಂದು ಬಯಲಾಗಿ, ವಿಧಾನಸಭೆಯ ಮಾಜಿ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್ ಅವರಿಗೆ 2023ರಲ್ಲಿ 20 ವರ್ಷಗಳ ಸಜೆಯಾಯಿತು. ಫ್ಲಾರಿಡದಲ್ಲಿ ಇದೇ ಬಗೆಯ ಜಗಳವೊಂದು ಸಿವಿಲ್ ದಾವೆಯಾಗಿ ನಡೆಯಿತು. ಕ್ಯಾಸಿನೊ ವಿಸ್ತರಣೆಗಾಗಿ ಲಾಸ್ ವೇಗಸ್ ಸ್ಯಾಂಡ್ಸ್ ಕಂಪನಿ ಹಣ ಹೂಡಿದ್ದ ಸಮಿತಿಗೆ 2022ರ ಫೆಬ್ರವರಿ 1ರೊಳಗೆ 8,91,589 ಸಹಿಗಳು ಬೇಕಿದ್ದವು. ಜೂಜಿನ ಹಕ್ಕು ಹೊಂದಿದ್ದ ಸೆಮಿನೋಲ್ ಬುಡಕಟ್ಟಿನ ಹಣ ಪಡೆದವರು ತನ್ನ ಆಳುಗಳಿಗೆ ಆಮಿಷ ಒಡ್ಡಿ ಕರಾರು ಮುರಿಸುತ್ತಿದ್ದಾರೆ ಎಂದು ಸಮಿತಿ 2021ರ ಕೊನೆಯಲ್ಲಿ ದಾವೆ ಹೂಡಿತು. ಸಹಿಗಳು ಸಾಕಾಗದೆ ಅರ್ಜಿ ಅಲ್ಲಿಗೇ ನಿಂತಿತು.

ಕಾಗದಪತ್ರದ ಲೋಪವೂ ಅರ್ಜಿಯನ್ನು ಮುಳುಗಿಸಬಲ್ಲದು. 2024ರಲ್ಲಿ ಅರ್ಕನ್ಸಾದ ಗರ್ಭಪಾತ ಹಕ್ಕಿನ ಅರ್ಜಿಗೆ 90,704 ಸಹಿ ಬೇಕಿದ್ದಲ್ಲಿ 1,01,525 ಬಂದಿದ್ದವು. ಕೂಲಿ ಸಂಗ್ರಾಹಕರಿಗೆ ತರಬೇತಿ ಕೊಟ್ಟ ದೃಢೀಕರಣವನ್ನು ಅರ್ಜಿಯ ಜೊತೆಗೇ ಸಲ್ಲಿಸಿಲ್ಲವೆಂದು ಅವರು ತಂದ ಸಹಿಗಳನ್ನು ಕೈಬಿಡಲಾಯಿತು. ರಾಜ್ಯದ ಸುಪ್ರೀಂ ಕೋರ್ಟ್ 4–3 ಬಹುಮತದಿಂದ ಅದನ್ನು ಎತ್ತಿಹಿಡಿಯಿತು.

ಸಂಗ್ರಾಹಕ ನೌಕರನೋ ಸ್ವತಂತ್ರ ಗುತ್ತಿಗೆದಾರನೋ ಎಂಬ ಪ್ರಶ್ನೆ ಈಚಿನದು. ಕ್ಯಾಲಿಫೋರ್ನಿಯದಲ್ಲಿ 2020ರಿಂದ ಜಾರಿಗೆ ಬಂದ ಕಾರ್ಮಿಕ ಕಾನೂನಿನ ಅಡಿ ಅವನನ್ನು ನೌಕರನೆಂದು ಎಣಿಸಬೇಕಾಗಬಹುದು. ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ವಾದವನ್ನು 2022ರಲ್ಲಿ ಒಂಬತ್ತನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಇನ್ನು ಸಹಿಗೆ ಇಷ್ಟು ಎಂಬ ಎಣಿಕೆ ಕೂಲಿಯೇ ಮೋಸದ ಮೂಲವೆಂದು ಭಾವಿಸಿದ ಒರೆಗಾನ್ 2002ರಲ್ಲಿ ಅದನ್ನು ನಿಲ್ಲಿಸಿ ದಿನಗೂಲಿ, ಸಂಬಳಕ್ಕೆ ಮಾತ್ರ ಅವಕಾಶ ಉಳಿಸಿತು. ಹೊರರಾಜ್ಯದ ಕೂಲಿಯವರ ವ್ಯಾಪಕ ವಂಚನೆಯಿಂದ 2006ರಲ್ಲಿ ಮೂರು ಅರ್ಜಿಗಳು ರದ್ದಾಗಿದ್ದ ಮೊಂಟಾನ ಮರುವರ್ಷ, ಫ್ಲಾರಿಡ 2019ರಲ್ಲಿ ಅದೇ ದಾರಿ ಹಿಡಿದವು. ಒರೆಗಾನ್ ಮತ್ತು ಮೊಂಟಾನದ ನಿಯಮಗಳನ್ನು ಅದೇ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಓಹಾಯೊದ ಹೆಚ್ಚು ಬಿಗಿಯಾದ ಕಾನೂನನ್ನು 2008ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಈ ವ್ಯಾಪಾರ ಅತಿ ದೊಡ್ಡದಾಗಿ ಬೆಳೆದಿರುವ ಕ್ಯಾಲಿಫೋರ್ನಿಯದಲ್ಲಿ ಎಣಿಕೆ ಕೂಲಿಯನ್ನು ನಿಷೇಧಿಸುವ ಮಸೂದೆಗಳು ಶಾಸಕಾಂಗದಲ್ಲಿ ಪಾಸಾದರೂ 2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್, 2019 ಮತ್ತು 2021ರಲ್ಲಿ ಗ್ಯಾವಿನ್ ನ್ಯೂಸಮ್ ಅವುಗಳಿಗೆ ಅಂಕಿತ ಹಾಕಲಿಲ್ಲ.