ಕಂಪಿನ ಬಟಾಣಿಯ ಬಿತ್ತನೆಯ ದಿನ

ಬಿತ್ತನೆಗೆ ಒಂದು ಹಬ್ಬದ ದಿನವನ್ನು ಗೊತ್ತುಮಾಡಿಕೊಳ್ಳುವುದು ಅನೇಕ ದೇಶಗಳ ಒಕ್ಕಲುಮಕ್ಕಳ ವಾಡಿಕೆ. ಐರಿಷ್ ಜನರ ಸಂತ ಪ್ಯಾಟ್ರಿಕ್‌ನ ಹಬ್ಬವಾದ ಮಾರ್ಚ್ ೧೭ರಂದು ಬಟಾಣಿಯನ್ನೂ ಅದರ ದಾಯಾದಿಯಾದ ಸ್ವೀಟ್ ಪೀ ಹೂವಿನ ಬೀಜವನ್ನೂ ನೆಲಕ್ಕೆ ಹಾಕಬೇಕೆಂಬುದು ಅಮೆರಿಕದ ತೋಟಗಾರರಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಆ ದಿನ ಸೂರ್ಯ ಹುಟ್ಟುವ ಮೊದಲೇ ಬಿತ್ತಬೇಕೆನ್ನುವವರೂ ಉಂಟು. ಇಂಗ್ಲೆಂಡಿನಲ್ಲಿ ಗುಡ್ ಫ್ರೈಡೆಯಂದು ಆಲೂಗಡ್ಡೆ ನೆಡುವುದು ಇಂಥದೇ ಸಂಪ್ರದಾಯ. ಇವನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಹಿರಿಯರ ಮಾತೆಂದು ಕಣ್ಣುಮುಚ್ಚಿ ನಡಸುವುದೂ ಅಷ್ಟೇ ಸುಲಭ. ಈ ಹೂವಿನ ಚರಿತ್ರೆಯನ್ನು ನೋಡಿದರೆ ಎರಡೂ ಸಾಲವೆಂದು ತೋರುತ್ತದೆ.

ಈ ಬಳ್ಳಿಯ ತವರು ಸಿಸಿಲಿ ಮತ್ತು ದಕ್ಷಿಣ ಇಟಲಿ. ಅಲ್ಲಿ ಬೇಸಗೆ ಒಣದು, ಚಳಿಗಾಲ ತೇವದ್ದು. ಒಣಗಿ ಸಿಡಿದ ಕಾಯಿಯಿಂದ ಬಿದ್ದ ಬೀಜ ಶರತ್ಕಾಲದ ಮಳೆಗೆ ಮೊಳೆತು, ಹದವಾದ ಚಳಿಯಲ್ಲಿ ಬೇರೂರಿ, ವಸಂತದಲ್ಲಿ ಹೂಬಿಡುತ್ತದೆ. ಫ್ರಾನ್ಸಿಸ್ಕೊ ಕುಪಾನಿ ಎಂಬ ಸಿಸಿಲಿಯ ಸಂನ್ಯಾಸಿ ೧೬೯೯ರಲ್ಲಿ ಇದರ ಬೀಜಗಳನ್ನು ಇಂಗ್ಲೆಂಡಿನ ಎನ್‌ಫೀಲ್ಡಿನಲ್ಲಿದ್ದ ಉಪಾಧ್ಯಾಯ ರಾಬರ್ಟ್ ಯುವ್‌ಡೇಲನಿಗೆ ಕಳುಹಿಸಿದನು. ಆ ಹೂ ಚಿಕ್ಕದು. ಕಂಪು ಮಾತ್ರ ಬಲು ಗಾಢವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆನ್ರಿ ಎಕ್‌ಫರ್ಡ್ ತಳಿಗಳನ್ನು ಕೂಡಿಸಿ ದೊಡ್ಡ ಹೂಗಳನ್ನು ಪಡೆದನು. ೧೯೦೧ರಲ್ಲಿ ಸೈಲಾಸ್ ಕೋಲ್ ಎಂಬ ತೋಟಗಾರ ಅಲೆಯಂಚಿನ ದಳಗಳುಳ್ಳ 'ಕೌಂಟೆಸ್ ಸ್ಪೆನ್ಸರ್' ತಳಿಯನ್ನು ಪ್ರದರ್ಶಿಸಿದನು.

ತವರನ್ನು ಬಿಟ್ಟ ಬಳ್ಳಿಗೆ ಹೊಸ ನಾಡುಗಳಲ್ಲಿ ಕಠಿನವಾದ ಹಿಮ ಎದುರಾಯಿತು. ಅಂಥ ಕಡೆಗಳಲ್ಲಿ ಬಿತ್ತನೆ ವಸಂತದ ಮೊದಲಿಗೆ ಸರಿಯಿತು. ಬೇಗ ಹಾಕಿದರೆ ತಣ್ಣನೆಯ ಕೆಸರಿನಲ್ಲಿ ಬೀಜ ಕೊಳೆಯುತ್ತದೆ. ತಡಮಾಡಿದರೆ ಬೇರು ಬಲಿಯುವ ಮುನ್ನವೇ ಬಿಸಿಲೇರುತ್ತದೆ. ಈ ಇಕ್ಕಟ್ಟಿನ ನಡುವೆ ನೆನಪಿಗೊಂದು ಗುರುತಾಗಿ ಸಂತನ ದಿನ ಒದಗಿತು.

ಆದರೆ ಗುರುತು ನಿಂತಲ್ಲೇ ನಿಲ್ಲುವುದಿಲ್ಲ. ೧೭೫೨ರಲ್ಲಿ ಬ್ರಿಟನ್ ತನ್ನ ಪಂಚಾಂಗವನ್ನು ತಿದ್ದಿ, ಸೆಪ್ಟೆಂಬರ್ ೨ರ ಮರುದಿನವನ್ನು ೧೪ ಎಂದು ಎಣಿಸಿತು. ಹಳೆಯ ಎಣಿಕೆಯ ಮಾರ್ಚ್ ೧೭ ಹೊಸದರಲ್ಲಿ ೨೮ ಆಯಿತು. ಹಬ್ಬದ ಹೆಸರು ಅದೇ, ಬಿಸಿಲು ಬೇರೆ. ಗುಡ್ ಫ್ರೈಡೆಯಂತೂ ಮಾರ್ಚ್ ೨೦ರಿಂದ ಏಪ್ರಿಲ್ ೨೩ರವರೆಗೆ ಎಂದು ಬೇಕಾದರೂ ಬರಬಹುದು.

ಕೆಡದೆ ಉಳಿಯುವುದು ಬೀಜದ ಸ್ವಭಾವವನ್ನರಿತ ಮಾತುಗಳು. ಇದರ ಸಿಪ್ಪೆ ಗಟ್ಟಿ. ಆದ್ದರಿಂದ ಒಂದು ರಾತ್ರಿ ನೆನೆಹಾಕುತ್ತಾರೆ. ಉಬ್ಬದ ಬೀಜಕ್ಕೆ ಕಣ್ಣಿನ ಎದುರು ಬದಿಯಲ್ಲಿ ಚಾಕುವಿನಿಂದ ಸಣ್ಣ ಗೀರು ಹಾಕಿದರೆ ನೀರು ಹಿಡಿಯುತ್ತದೆ. ಆಳವಾಗಿ ಅಗೆದು ಗೊಬ್ಬರ ಬೆರಸಿದ ಮಣ್ಣಿನಲ್ಲಿ ಒಂದು ಅಂಗುಲ ಆಳಕ್ಕೆ ಊರಬೇಕು. ಎರಡು-ಮೂರು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಹೂಗಳನ್ನು ಕೊಯ್ಯುತ್ತಲೇ ಇರಬೇಕು. ಕಾಯಿ ಕಟ್ಟಲು ಬಿಟ್ಟರೆ ಹೂ ನಿಲ್ಲುತ್ತದೆ. ಬಟಾಣಿಯ ನಂಟನಾದರೂ ಇದರ ಬೀಜ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ನಮ್ಮ ನಾಡಿನ ತೋಟಗಳಿಗೂ ಈ ಹೂ ಬಂದಿದೆ. ಪರದೇಶದ ಪುಸ್ತಕದಲ್ಲಿ 'ವಸಂತದಲ್ಲಿ ಬಿತ್ತಿ' ಎಂದಿರುವುದನ್ನು ನಂಬಿ ಬಯಲುಸೀಮೆಯಲ್ಲಿ ಮಾರ್ಚಿಯಲ್ಲಿ ಬಿತ್ತಿದರೆ ಗಿಡ ಚೈತ್ರ-ವೈಶಾಖಗಳ ಬಿಸಿಲಿಗೆ ಬಾಡಿಹೋಗುತ್ತದೆ. ಇಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳು, ಎಂದರೆ ನಮ್ಮ ರೈತರ ಲೆಕ್ಕದಲ್ಲಿ ಹಸ್ತ ಚಿತ್ತೆಗಳ ಮಳೆಯ ಸುಮಾರು, ತಕ್ಕ ಕಾಲ. ಚಳಿಗಾಲದಲ್ಲಿ ಹೂ ಕಾಣಬಹುದು. ಸಿಸಿಲಿಯ ಬೆಟ್ಟಗಳಲ್ಲಿ ಬೀಜ ತಾನಾಗಿ ಮೊಳೆಯುವುದೂ ಶರತ್ಕಾಲದಲ್ಲಿಯೇ ಎಂಬುದನ್ನು ನೆನೆದರೆ, ವಸಂತದ ನಿಯಮವನ್ನು ಮುರಿದ ನಮ್ಮ ತೋಟಗಾರನೇ ಬಳ್ಳಿಯ ತವರಿನ ಪದ್ಧತಿಗೆ ಹತ್ತಿರವಾಗಿದ್ದಾನೆ. ಸಂಪ್ರದಾಯವನ್ನು ಉಳಿಸಿಕೊಳ್ಳಬೇಕೆನ್ನುವವರು ಅದರ ದಿನವನ್ನಲ್ಲ, ಆ ದಿನವನ್ನು ಆರಿಸಿದ ಕಾರಣವನ್ನು ಮೊದಲು ವಿಚಾರಿಸಬೇಕು.